ಪಹಣಿಯ ಹಿಂದಿನ ಸರ್ವರ್: ಜಾಲದ ದಾರಿಯಲ್ಲಿ ಹೊಸ ಆವೃತ್ತಿ

ನೆಟ್‌ವರ್ಕ್ ಶೇರ್ ಮೂಲಕ ಸರ್ವರ್ ಅಪ್‌ಗ್ರೇಡ್ ಮಾಡುವುದೆಂದರೆ, ಹೊಸ ಆಪರೇಟಿಂಗ್ ಸಿಸ್ಟಂನ ಕಡತಗಳನ್ನು ಸಿ.ಡಿ.ಯಲ್ಲೋ ಪೆನ್‌ಡ್ರೈವ್‌ನಲ್ಲೋ ಹೊತ್ತು ತರದೆ, ಇನ್ನೊಂದು ಕಂಪ್ಯೂಟರಿನಲ್ಲಿ ಹಂಚಿಕೆಗೆ ಇಟ್ಟ ಫೋಲ್ಡರಿನಿಂದ ತೆಗೆದುಕೊಂಡು, ಇರುವ ಸರ್ವರನ್ನೇ ಮುಂದಿನ ಆವೃತ್ತಿಗೆ ಏರಿಸುವುದು. ಡೇಟಾ, ಬಳಕೆದಾರರ ಖಾತೆಗಳು, ಅಳವಡಿಸಿದ ತಂತ್ರಾಂಶಗಳು ಇದ್ದಲ್ಲೇ ಇರುತ್ತವೆ. ಅವುಗಳ ಕೆಳಗಿನ ಆಪರೇಟಿಂಗ್ ಸಿಸ್ಟಂ ಮಾತ್ರ ಬದಲಾಗುತ್ತದೆ. ಈ ಕೆಲಸದಲ್ಲಿರುವವರು ಇದನ್ನು ‘ಇನ್‌ಪ್ಲೇಸ್ ಅಪ್‌ಗ್ರೇಡ್’ ಎನ್ನುತ್ತಾರೆ. ಮನೆಯವರು ಒಳಗೆ ವಾಸವಿದ್ದಂತೆಯೇ ಮಾಡಿನ ಹೆಂಚು ಬದಲಿಸುವಂಥ ಕೆಲಸ ಇದು. ಸರಿಯಾಗಿ ನಡೆದರೆ ಯಾರಿಗೂ ಗೊತ್ತಾಗುವುದಿಲ್ಲ, ತಪ್ಪಿದರೆ ಎಲ್ಲರಿಗೂ ತೊಂದರೆ.

ಕರ್ನಾಟಕದಲ್ಲಿ ಈ ‘ಎಲ್ಲರೂ’ ಯಾರು ಎಂಬುದನ್ನು ದೂರ ಹುಡುಕಬೇಕಿಲ್ಲ. ಮರಳವಾಡಿ ಹೋಬಳಿಯ ರೈತರೊಬ್ಬರು ಬೆಳೆಸಾಲಕ್ಕೆ ಪಹಣಿ ಬೇಕೆಂದು ನಾಡಕಚೇರಿಯ ಕಿಟಕಿಯ ಮುಂದೆ ನಿಂತಾಗ, ಅವರ ಸರ್ವೆ ನಂಬರು, ವಿಸ್ತೀರ್ಣ, ಖರಾಬು, ಋಣಗಳ ವಿವರ ಹಾಳೆಯ ಮೇಲೆ ಅಚ್ಚಾಗುವುದು ಎಲ್ಲೋ ಒಂದು ಸರ್ವರ್ ಎಚ್ಚರವಾಗಿದ್ದರೆ ಮಾತ್ರ. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಿಂಚಣಿ ಅರ್ಜಿಗಳ ಕಥೆಯೂ ಇದೇ. ‘ಸರ್ವರ್ ಡೌನ್, ನಾಳೆ ಬನ್ನಿ’ ಎಂಬ ಮಾತು ಹಳ್ಳಿಗಳಲ್ಲೂ ಈಗ ಬಳಕೆಯ ಮಾತಾಗಿದೆ. ಆ ‘ನಾಳೆ’ ಎಂದರೆ ಕೂಲಿ ಬಿಟ್ಟು ಬಂದವರಿಗೆ ಇನ್ನೊಂದು ದಿನದ ಕೂಲಿ ನಷ್ಟ, ಇನ್ನೊಂದು ಸಲದ ಬಸ್ ಚಾರ್ಜು. ಸರ್ವರ್ ಆರೈಕೆಯನ್ನು ಕೇವಲ ತಾಂತ್ರಿಕ ಸಿಬ್ಬಂದಿಯ ವಿಷಯವೆಂದು ಬದಿಗಿಡಲಾಗದು.

ಹಿನ್ನೆಲೆಗೆ ‘ಭೂಮಿ’ ಯೋಜನೆಯನ್ನು ನೋಡಬೇಕು. ಗ್ರಾಮಲೆಕ್ಕಿಗರ ಕೈಬರಹದ ಪಹಣಿ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಿದ ಈ ಯೋಜನೆಯ ಪ್ರಯೋಗ ನಡೆದದ್ದು ಚನ್ನಪಟ್ಟಣದ ನೆರೆಯ ಮದ್ದೂರು ತಾಲ್ಲೂಕಿನಲ್ಲಿ, 1999ರ ಹೊತ್ತಿಗೆ. ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವ, ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ ಅಂದರೆ ಎನ್‌ಐಸಿಯ ತಂತ್ರಾಂಶ. ಕೆಲವೇ ವರ್ಷಗಳಲ್ಲಿ ಅದು ಆಗಿನ 177 ತಾಲ್ಲೂಕುಗಳನ್ನೂ ಆವರಿಸಿತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಬಂದವು. 15 ರೂಪಾಯಿಗೆ ಪಹಣಿ ಸಿಗತೊಡಗಿತು.

ಆಗಿನ ವ್ಯವಸ್ಥೆಯಲ್ಲಿ ಪ್ರತಿ ತಾಲ್ಲೂಕು ಕಚೇರಿಯಲ್ಲೂ ಅದರದೇ ಸರ್ವರ್ ಇತ್ತು. ವಿಂಡೋಸ್ ಎನ್‌ಟಿ ಆಪರೇಟಿಂಗ್ ಸಿಸ್ಟಂ, ಅದರ ಮೇಲೆ ಎಸ್‌ಕ್ಯುಎಲ್ ಸರ್ವರ್ ಡೇಟಾಬೇಸ್, ಕನ್ನಡಕ್ಕೆ ಕೇಂದ್ರ ಸರ್ಕಾರದ ಸಂಸ್ಥೆ ಸಿ-ಡ್ಯಾಕ್‌ನ ಜಿಸ್ಟ್ ತಂತ್ರಜ್ಞಾನ. ಮುಂದೆ ಈ ದತ್ತಾಂಶ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿ, ತಾಲ್ಲೂಕು ಮತ್ತು ಹೋಬಳಿಗಳು ಕೆಸ್ವಾನ್ ಎಂದು ಕರೆಯುವ ರಾಜ್ಯವ್ಯಾಪಿ ಜಾಲದ ಮೂಲಕ ಅದನ್ನು ತಲುಪುವ ಏರ್ಪಾಡಾಯಿತು. ಈ ಎರಡು ಕಾಲಗಳ ನಡುವಿನ ಅಂತರ ದೊಡ್ಡದು. ಮೊದಲಿನ ಕಾಲದಲ್ಲಿ ಒಂದು ಅಪ್‌ಗ್ರೇಡ್ ಎಂದರೆ 177 ಊರುಗಳಿಗೆ ಒಬ್ಬೊಬ್ಬರು ಹೋಗಬೇಕು, ಇಲ್ಲವೇ ಜಾಲದ ಮೂಲಕ ಕಳಿಸುವ ದಾರಿ ಹುಡುಕಬೇಕು. ಇಂದಿಗೂ ಜಿಲ್ಲಾ ಆಸ್ಪತ್ರೆ, ಸಹಕಾರ ಬ್ಯಾಂಕು, ಕಾಲೇಜು, ಕಾರ್ಖಾನೆಗಳಲ್ಲಿ ಅಲ್ಲಲ್ಲೇ ಕೂತ ಸರ್ವರ್‌ಗಳಿಗೆ ಬೇಕಾಗುವುದು ಈ ದಾರಿಯೇ.

ಸರ್ವರನ್ನು ಅಪ್‌ಗ್ರೇಡ್ ಮಾಡಲೇಬೇಕೇ ಎಂಬ ಪ್ರಶ್ನೆಗೆ ಉತ್ತರ ತಯಾರಕರ ದಿನಾಂಕಗಳಲ್ಲಿದೆ. ಎನ್‌ಟಿ 4.0ರ ಬೆಂಬಲ 2004ರ ಡಿಸೆಂಬರ್ 31ಕ್ಕೆ ನಿಂತಿತು. ವಿಂಡೋಸ್ ಸರ್ವರ್ 2003ಕ್ಕೆ 2015ರ ಜುಲೈ 14, 2008ಕ್ಕೆ 2020ರ ಜನವರಿ 14, 2012ಕ್ಕೆ 2023ರ ಅಕ್ಟೋಬರ್ 10 ಕೊನೆಯ ದಿನಗಳಾಗಿದ್ದವು. ಲಿನಕ್ಸ್ ಬಳಗದಲ್ಲಿ ಸೆಂಟ್‌ಒಎಸ್ 7ರ ಕಾಲ 2024ರ ಜೂನ್ 30ಕ್ಕೆ ಮುಗಿಯಿತು. ಆ ದಿನ ಕಳೆದ ಮೇಲೂ ಯಂತ್ರ ನಿಲ್ಲುವುದಿಲ್ಲ, ಎಂದಿನಂತೆ ಓಡುತ್ತದೆ. ಮುಂದೂಡುವ ಮನಸ್ಸು ಬರುವುದೇ ಇದರಿಂದ. ನಿಲ್ಲುವುದು ಭದ್ರತಾ ಪ್ಯಾಚುಗಳ ಸರಬರಾಜು. ಅಲ್ಲಿಂದಾಚೆ ಕಂಡುಬರುವ ಪ್ರತಿ ದೋಷವೂ ಮುಚ್ಚದೆ ಉಳಿದ ಬಾಗಿಲು.

ಶೇರ್‌ನಿಂದ ತೆಗೆದುಕೊಳ್ಳುವುದಕ್ಕೆ ಕಾರಣಗಳು ಹಲವು. ಇತ್ತೀಚಿನ ವಿಂಡೋಸ್ ಸರ್ವರ್‌ನ ಐಎಸ್‌ಒ ಕಡತ, ಅಂದರೆ ಇಡೀ ಅಳವಡಿಕೆ ಡಿಸ್ಕನ್ನು ಒಂದೇ ಕಡತವಾಗಿಸಿದ ಪ್ರತಿ, ಸುಮಾರು 5 ಜಿ.ಬಿ. ತೂಗುತ್ತದೆ, ಸಾಮಾನ್ಯ ಡಿವಿಡಿಯಲ್ಲಿ ಅದು ಹಿಡಿಸದು. ಫ್ಯಾಟ್-32 ಮಾದರಿಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವ್ 4 ಜಿ.ಬಿ.ಗಿಂತ ದೊಡ್ಡ ಕಡತವನ್ನು ಒಳಗೆ ಬಿಡುವುದಿಲ್ಲ. ಎಷ್ಟೋ ಸರ್ವರ್‌ಗಳಲ್ಲಿ ಡಿವಿಡಿ ಡ್ರೈವೇ ಇರುವುದಿಲ್ಲ. ಭದ್ರತೆಗಾಗಿ ಯುಎಸ್‌ಬಿ ಕಿಂಡಿಗಳನ್ನು ಮುಚ್ಚಿದ ಕಚೇರಿಗಳೂ ಉಂಟು. ಒಂದೇ ಜಾಗದಲ್ಲಿ ಒಂದೇ ಪ್ರತಿ ಇಟ್ಟರೆ ಎಲ್ಲ ಸರ್ವರ್‌ಗಳೂ ಒಂದೇ ಆವೃತ್ತಿಗೆ ಬರುತ್ತವೆ, ಯಾರ ಚೀಲದಲ್ಲಿ ಯಾವ ಹಳೆಯ ಸಿ.ಡಿ. ಇತ್ತೆಂದು ಹುಡುಕಬೇಕಿಲ್ಲ.

ಹಂಚಿಕೆಯ ಭಾಷೆಗಳು ಮುಖ್ಯವಾಗಿ ಎರಡು. ವಿಂಡೋಸ್ ಲೋಕದಲ್ಲಿ ಎಸ್‌ಎಂಬಿ. ಅದು 1980ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿದ್ದು, ಈಗ 445ನೇ ಪೋರ್ಟಿನಲ್ಲಿ ಮಾತಾಡುತ್ತದೆ. ಯುನಿಕ್ಸ್ ಲೋಕದಲ್ಲಿ ಎನ್‌ಎಫ್‌ಎಸ್. ಅದು ಸನ್ ಮೈಕ್ರೋಸಿಸ್ಟಮ್ಸ್ ಕೊಟ್ಟದ್ದು. ಲಿನಕ್ಸ್ ಯಂತ್ರವೊಂದು ಎಸ್‌ಎಂಬಿ ಮಾತಾಡಲು ಸಾಂಬಾ ಎಂಬ ಮುಕ್ತ ತಂತ್ರಾಂಶವಿದೆ, ಹಾಗಾಗಿ ಕಚೇರಿಯ ಹಳೆಯ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಿ ಅದನ್ನೇ ಕಡತಗಳ ಉಗ್ರಾಣ ಮಾಡಿಕೊಳ್ಳಬಹುದು. ಬಳಸುವವರಿಗೆ ಕಾಣುವುದು ಎರಡು ಬ್ಯಾಕ್‌ಸ್ಲ್ಯಾಶ್ ಗೆರೆಗಳಿಂದ ಶುರುವಾಗುವ ಒಂದು ವಿಳಾಸ: ಮೊದಲು ಆ ಯಂತ್ರದ ಹೆಸರು, ಆಮೇಲೆ ಫೋಲ್ಡರಿನ ಹೆಸರು.

ಶೇರ್ ಎಲ್ಲಿರಬೇಕು ಎಂಬುದರ ಮೇಲೆ ಇಡೀ ಕೆಲಸದ ಹಣೆಬರಹ ನಿಂತಿದೆ. ಲೆಕ್ಕ ಸರಳ. ಕೇಂದ್ರ ಸರ್ಕಾರ 2005ರಲ್ಲಿ ಒಪ್ಪಿದ ರಾಜ್ಯವ್ಯಾಪಿ ಜಾಲಗಳ ಯೋಜನೆಯಲ್ಲಿ ಸಂಪರ್ಕದ ಕನಿಷ್ಠ ವೇಗ ಸೆಕೆಂಡಿಗೆ 2 ಮೆಗಾಬಿಟ್. ಆ ತಂತಿಯಲ್ಲಿ 5 ಜಿ.ಬಿ. ಎಳೆಯಲು 20,000 ಸೆಕೆಂಡು ಬೇಕು, ಅಂದರೆ ಐದೂವರೆ ಗಂಟೆ. ಅದೂ ಆ ಹೊತ್ತಿನಲ್ಲಿ ಬೇರೆ ಯಾರೂ ಆ ತಂತಿಯನ್ನು ಮುಟ್ಟದಿದ್ದರೆ. ಹಗಲಲ್ಲಿ ಹೀಗೆ ಎಳೆಯತೊಡಗಿದರೆ ಕಿಟಕಿಯ ಮುಂದೆ ನಿಂತವರ ಪಹಣಿ ಮುಂದಕ್ಕೆ ಸರಿಯುವುದಿಲ್ಲ. ಅದೇ ಕಡತ ಕಚೇರಿಯೊಳಗಿನ 100 ಮೆಗಾಬಿಟ್ ಜಾಲದಲ್ಲಿ ಏಳು ನಿಮಿಷದ ಆಸುಪಾಸಿನಲ್ಲಿ, ಗಿಗಾಬಿಟ್ ಸ್ವಿಚ್ ಇದ್ದರೆ ಒಂದೆರಡು ನಿಮಿಷದಲ್ಲಿ ಬಂದುಬಿಡುತ್ತದೆ.

ಆದ್ದರಿಂದ ಬೆಂಗಳೂರಿನ ಶೇರ್‌ನಿಂದ ದೂರದ ಸರ್ವರ್ ಮೇಲೆ ನೇರವಾಗಿ ಸೆಟಪ್ ಓಡಿಸುವುದು ತಪ್ಪು ಕ್ರಮ. ಸಾಗಣೆ ಬೇರೆ, ಬದಲಾವಣೆ ಬೇರೆ ಎಂದು ಎರಡಾಗಿ ಒಡೆದುಕೊಳ್ಳಬೇಕು. ಕಡತವನ್ನು ರಾತ್ರಿಗಳಲ್ಲಿ ನಿಧಾನವಾಗಿ, ನಿಂತರೆ ನಿಂತಲ್ಲಿಂದ ಮುಂದುವರಿಯುವ ಸಾಧನದಿಂದ ಸ್ಥಳೀಯ ಶೇರ್‌ಗೆ ತಂದಿಡಬೇಕು. ವಿಂಡೋಸ್‌ನಲ್ಲಿ ರೋಬೊಕಾಪಿ, ಲಿನಕ್ಸ್‌ನಲ್ಲಿ ಆರ್‌ಸಿಂಕ್ ಇದಕ್ಕೆಂದೇ ಇವೆ. ಬಂದ ಮೇಲೆ ಅದರ ಬೆರಳಚ್ಚಿನಂಥ ಶಾ-256 ಮೊತ್ತವನ್ನು ತಯಾರಕರು ಕೊಟ್ಟ ಮೊತ್ತದೊಂದಿಗೆ ಹೋಲಿಸಬೇಕು. 64 ಅಕ್ಷರಗಳ ಆ ಸಾಲಿನಲ್ಲಿ ಒಂದು ಅಕ್ಷರ ಬೇರೆಯಾದರೂ ಆ ಕಡತ ಕೆಲಸಕ್ಕೆ ಬಾರದು. ದಾರಿಯಲ್ಲಿ ಮುರಿದಿರಬಹುದು, ಇಲ್ಲವೇ ಯಾರೋ ತಿದ್ದಿರಬಹುದು. ಈ ಪರೀಕ್ಷೆಗೆ ಹಿಡಿಯುವುದು ಕೆಲವೇ ನಿಮಿಷ. ಆದರೂ ಅವಸರದಲ್ಲಿ ಎಲ್ಲಕ್ಕಿಂತ ಮೊದಲು ಕೈಬಿಡುವುದು ಇದನ್ನೇ.

ಇನ್ನು ಶೇರ್‌ನ ಬೀಗ. ಈ ಫೋಲ್ಡರಿಗೆ ‘ಎಲ್ಲರಿಗೂ ಪೂರ್ತಿ ಹಕ್ಕು’ ಕೊಟ್ಟು ಮುಗಿಸುವವರಿದ್ದಾರೆ. ಅದು ಅಪಾಯ. ಸರ್ವರ್‌ಗಳು ಅತ್ಯುನ್ನತ ಅಧಿಕಾರದಲ್ಲಿ ಓಡಿಸುವ ಕಾರ್ಯಕ್ರಮ ಅಲ್ಲಿದೆ. ಅದನ್ನು ತಿದ್ದುವ ಹಕ್ಕು ಯಾರಿಗಿದೆಯೋ ಅವರ ಕೈಗೆ ಎಲ್ಲ ಸರ್ವರ್‌ಗಳೂ ಸಿಕ್ಕಂತೆ. ಓದುವ ಹಕ್ಕು ಮಾತ್ರ, ಅದೂ ಈ ಕೆಲಸಕ್ಕೆಂದೇ ತೆರೆದ ಒಂದು ಖಾತೆಗೆ ಮಾತ್ರ ಇರಬೇಕು. 445ನೇ ಪೋರ್ಟ್ ಯಾವ ಕಾರಣಕ್ಕೂ ಹೊರಗಿನ ಇಂಟರ್‌ನೆಟ್ಟಿಗೆ ತೆರೆದಿರಬಾರದು. 2017ರ ಮೇ 12ರಂದು ಶುರುವಾಗಿ 150ಕ್ಕೂ ಹೆಚ್ಚು ದೇಶಗಳಿಗೆ ಹಬ್ಬಿದ ವಾನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ನುಗ್ಗಿದ್ದು ಎಸ್‌ಎಂಬಿಯ ಹಳೆಯ ಮೊದಲ ಆವೃತ್ತಿಯ ದೋಷದಿಂದ. ಅದರ ಪ್ಯಾಚನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಕೊಟ್ಟಿತ್ತು. ಸಿಕ್ಕಿಬಿದ್ದವು ಪ್ಯಾಚ್ ಹಾಕಿಕೊಳ್ಳದ ಯಂತ್ರಗಳು ಮತ್ತು ಬೆಂಬಲದ ಅವಧಿ ಮುಗಿದು ಪ್ಯಾಚೇ ಇಲ್ಲದಿದ್ದ ಯಂತ್ರಗಳು.

ಇದೇ ಘಟನೆಯ ನಂತರ ಇನ್ನೊಂದು ತೊಡಕು ಬಂತು. ಹೊಸ ವಿಂಡೋಸ್‌ಗಳಲ್ಲಿ ಎಸ್‌ಎಂಬಿಯ ಮೊದಲ ಆವೃತ್ತಿಯನ್ನು ತಯಾರಕರೇ ತೆಗೆದಿಟ್ಟರು. ಸರ್ವರ್ 2003ಕ್ಕೆ ಬರುವುದು ಆ ಭಾಷೆಯೊಂದೇ. ಹೀಗಾಗಿ ಅಂಥ ಯಂತ್ರಕ್ಕೆ ಹೊಸ ಯಂತ್ರದ ಶೇರ್ ಕಾಣುವುದೇ ಇಲ್ಲ. ಪರದೆಯ ಮೇಲೆ ಮಾತ್ರ ‘ನೆಟ್‌ವರ್ಕ್ ದಾರಿ ಸಿಗಲಿಲ್ಲ’ ಎಂಬರ್ಥದ ಸಂದೇಶ ಬರುತ್ತದೆ, ಕೆಲಸಗಾರ ಕೇಬಲ್ಲನ್ನು ಎಳೆದೆಳೆದು ನೋಡುತ್ತಾನೆ. ಸರ್ವರ್ 2025ರಲ್ಲಂತೂ ಹೆಸರಿಲ್ಲದ ಅತಿಥಿ ಪ್ರವೇಶ ಮೊದಲಿನಂತೆ ನಡೆಯದು, ಸಂದೇಶಗಳಿಗೆ ಸಹಿಯೂ ಬೇಕು. ಹಳೆಯದಕ್ಕಾಗಿ ಹೊಸದರಲ್ಲಿ ಆ ಹಳೆಯ ಭಾಷೆಯನ್ನು ಮತ್ತೆ ತೆರೆದರೆ ಮುಚ್ಚಿದ್ದ ಬಾಗಿಲನ್ನೇ ತೆರೆದಂತಾಗುತ್ತದೆ. ಅಷ್ಟು ಹಳೆಯ ಸರ್ವರನ್ನು ಏರಿಸುವ ಹಟ ಬಿಟ್ಟು, ಹೊಸ ಯಂತ್ರದಲ್ಲಿ ಹೊಸದಾಗಿ ಹಾಕಿ ಡೇಟಾ ಸಾಗಿಸುವುದೇ ಮೇಲು.

ಎಷ್ಟು ಮೆಟ್ಟಿಲು ಒಟ್ಟಿಗೆ ಹತ್ತಬಹುದು ಎಂಬುದಕ್ಕೂ ನಿಯಮವಿದೆ. ಸರ್ವರ್ 2022ರವರೆಗೆ ಒಂದು ಸಲಕ್ಕೆ ಎರಡು ಆವೃತ್ತಿ ಏರಬಹುದಿತ್ತು: 2012 ಆರ್2ನಿಂದ 2019ಕ್ಕೆ, 2016ರಿಂದ 2022ಕ್ಕೆ. 2025ನೇ ಆವೃತ್ತಿ 2012 ಆರ್2ನಿಂದಲೇ ನೇರ ದಾರಿ ಕೊಟ್ಟಿದೆ. 32 ಬಿಟ್ ಸರ್ವರ್‌ನಿಂದ 64 ಬಿಟ್‌ಗೆ ಇನ್‌ಪ್ಲೇಸ್ ದಾರಿ ಇಲ್ಲ. ಪರದೆ-ಮೌಸ್ ಇರುವ ಮಾದರಿಯಿಂದ ಆಜ್ಞೆಗಳಲ್ಲೇ ನಡೆಯುವ ‘ಕೋರ್’ ಮಾದರಿಗೂ ಹೋಗಲಾಗದು. ಇಡೀ ಜಾಲದ ಬಳಕೆದಾರರ ಪಟ್ಟಿ ಇಟ್ಟುಕೊಂಡ ಡೊಮೇನ್ ಕಂಟ್ರೋಲರ್ ಸರ್ವರನ್ನು ಹೀಗೆ ಏರಿಸುವ ಬದಲು, ಹೊಸ ಯಂತ್ರವನ್ನು ಅದೇ ಹುದ್ದೆಗೆ ತಂದು ಹಳೆಯದನ್ನು ನಿವೃತ್ತಿ ಮಾಡುವುದೇ ಸುರಕ್ಷಿತ.

ಕೆಲಸದ ದಿನಕ್ಕೆ ಬಂದರೆ, ಸರ್ಕಾರಿ ಕಚೇರಿಗೆ ಎರಡನೇ ಶನಿವಾರ ಹೇಳಿ ಮಾಡಿಸಿದ್ದು. ಬೆನ್ನಿಗೇ ಭಾನುವಾರವಿದೆ, ಏನಾದರೂ ತಪ್ಪಿದರೆ ಸರಿಪಡಿಸಲು ಇನ್ನೊಂದು ಹಗಲು ಸಿಗುತ್ತದೆ. ಅದಕ್ಕೂ ಮೊದಲು ಪೂರ್ಣ ಬ್ಯಾಕಪ್ ಆಗಿರಬೇಕು. ಬ್ಯಾಕಪ್ ಇದೆಯೆಂಬ ನಂಬಿಕೆ ಸಾಲದು. ಅದರಿಂದ ಒಂದು ಡೇಟಾಬೇಸನ್ನಾದರೂ ಬೇರೆ ಯಂತ್ರದಲ್ಲಿ ಮರಳಿ ತೆರೆದು ನೋಡಿರಬೇಕು. ಮೇಲೆ ಓಡುವ ಡೇಟಾಬೇಸ್ ಮತ್ತು ತಂತ್ರಾಂಶಗಳಿಗೆ ಹೊಸ ಆವೃತ್ತಿ ಒಗ್ಗುತ್ತದೆಯೇ ಎಂದು ಕೇಳಿಕೊಂಡಿರಬೇಕು. ಐಪಿ ವಿಳಾಸ, ಡಿಎನ್‌ಎಸ್, ಗೇಟ್‌ವೇ ವಿವರಗಳನ್ನು ಕಾಗದದ ಮೇಲೆ ಬರೆದಿಟ್ಟಿರಬೇಕು. ಕಾಗದವೇ ಬೇಕು, ಏಕೆಂದರೆ ಅದು ಬೇಕಾಗುವ ಹೊತ್ತಿನಲ್ಲಿ ಕಂಪ್ಯೂಟರ್ ತೆರೆದುಕೊಂಡಿರುವುದಿಲ್ಲ. ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದೂ ಗೊತ್ತಿರಬೇಕು. ಅರ್ಧ ಬದಲಾದ ಆಪರೇಟಿಂಗ್ ಸಿಸ್ಟಂನ ಮೇಲೆ ಕರೆಂಟ್ ಹೋಗುವುದಕ್ಕಿಂತ ಕೆಟ್ಟದ್ದಿಲ್ಲ.

ಸರ್ವರ್‌ನಲ್ಲಿ ಕೂತು ಶೇರ್ ತೆರೆದು, ಐಎಸ್‌ಒ ಬಿಚ್ಚಿಟ್ಟ ಫೋಲ್ಡರಿನಿಂದ ಸೆಟಪ್ ಓಡಿಸಿದ ಮೇಲೆ ನಡೆಯುವುದಿಷ್ಟು. ಮೊದಲು ಅದು ಇರುವ ವ್ಯವಸ್ಥೆಯನ್ನು ತಡಕಿ, ಜಾಗ ಸಾಲದಿದ್ದರೆ, ಹೊಂದದ ತಂತ್ರಾಂಶವಿದ್ದರೆ ಅಲ್ಲೇ ಹೇಳುತ್ತದೆ. ‘ಕಡತ, ಸೆಟ್ಟಿಂಗ್, ಆ್ಯಪ್‌ಗಳನ್ನು ಉಳಿಸಿಕೊ’ ಎಂಬ ಆಯ್ಕೆ ಮಸುಕಾಗಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಭಾಷೆಯೋ ಮಾದರಿಯೋ ಹೊಂದುತ್ತಿಲ್ಲ ಎಂದರ್ಥ. ಅದನ್ನು ಗಮನಿಸದೆ ಮುಂದೊತ್ತಿದರೆ ಅಳವಡಿಸಿದ್ದೆಲ್ಲ ಹೋಗುತ್ತದೆ. ಎಲ್ಲ ಸರಿಯಿದ್ದರೆ ಸೆಟಪ್ ಬೇಕಾದ ಕಡತಗಳನ್ನು ಶೇರ್‌ನಿಂದ ಸಿ ಡ್ರೈವಿನ ಒಂದು ಅಡಗಿದ ಫೋಲ್ಡರಿಗೆ ನಕಲು ಮಾಡಿಕೊಳ್ಳುತ್ತದೆ. ಜಾಲದ ಮೇಲಿನ ಅವಲಂಬನೆ ಇಲ್ಲಿಯವರೆಗೆ ಮಾತ್ರ. ಈ ಹಂತದಲ್ಲಿ ಕೇಬಲ್ ಕಳಚಿದರೂ ನಷ್ಟವಿಲ್ಲ. ಸೆಟಪ್ ಸೋತು ಹಿಂದೆ ಸರಿಯುತ್ತದೆ, ಹಳೆಯ ವ್ಯವಸ್ಥೆ ಇದ್ದಂತೆ ಇರುತ್ತದೆ. ಮೊದಲ ರೀಬೂಟ್ ಆದ ಮೇಲಿನದ್ದೆಲ್ಲ ಆ ಯಂತ್ರದ ಡಿಸ್ಕಿನಲ್ಲೇ ನಡೆಯುತ್ತದೆ.

ಇಲ್ಲಿ ಕೆಲಸಗಾರರನ್ನು ಸತಾಯಿಸುವ ಸಣ್ಣ ಸಂಗತಿಗಳಿವೆ. ಶೇರ್‌ಗೆ ‘ಝಡ್’ ಎಂದು ಡ್ರೈವ್ ಅಕ್ಷರ ಕೊಟ್ಟುಕೊಂಡು, ಅಡ್ಮಿನಿಸ್ಟ್ರೇಟರ್ ಹಕ್ಕಿನ ಕಿಟಕಿಯಿಂದ ಹುಡುಕಿದರೆ ಝಡ್ ಕಾಣಿಸದೇ ಹೋಗಬಹುದು. ಸಾಮಾನ್ಯ ಹಕ್ಕಿನಲ್ಲಿ ಜೋಡಿಸಿದ್ದು ಮೇಲಿನ ಹಕ್ಕಿಗೆ ಕಾಣದಿರುವುದು ವಿಂಡೋಸ್‌ನ ಸ್ವಭಾವ. ಪೂರ್ತಿ ವಿಳಾಸ ಬರೆದರೆ ಈ ತಾಪತ್ರಯವಿಲ್ಲ. ಇನ್ನೊಂದು, ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಕೂತು ಮಾಡುವವರಿಗೆ ರೀಬೂಟ್ ಆದೊಡನೆ ಪರದೆ ಕತ್ತಲು. ಯಂತ್ರ ಏಳುತ್ತಿದೆಯೋ ಬಿದ್ದಿದೆಯೋ ತಿಳಿಯುವುದಿಲ್ಲ. ಎಚ್‌ಪಿಯ ಐಲೋ, ಡೆಲ್‌ನ ಐಡ್ರ್ಯಾಕ್‌ನಂಥ ಪ್ರತ್ಯೇಕ ನಿರ್ವಹಣಾ ಕಾರ್ಡು ಇದ್ದರೆ ದೂರದಿಂದಲೂ ನೋಡಬಹುದು, ಇಲ್ಲದಿದ್ದರೆ ಒಬ್ಬರು ಸ್ಥಳದಲ್ಲಿ ಇರಲೇಬೇಕು. ಮೂರನೆಯದು ನೆಟ್‌ವರ್ಕ್ ಕಾರ್ಡಿನ ಡ್ರೈವರ್. ಹೊಸ ಆವೃತ್ತಿ ಹಳೆಯ ಕಾರ್ಡನ್ನು ಗುರುತಿಸದಿದ್ದರೆ ಜಾಲವಿಲ್ಲ. ಡ್ರೈವರ್ ಇರುವುದು ಶೇರ್‌ನಲ್ಲಾದರೆ ಅದನ್ನು ತಲುಪಲು ದಾರಿಯೇ ಇಲ್ಲ. ಆ ಒಂದು ಕಡತವನ್ನು ಮೊದಲೇ ಸರ್ವರ್‌ನ ಸ್ವಂತ ಡಿಸ್ಕಿಗೆ ಹಾಕಿಟ್ಟಿರಬೇಕು. ಅಪ್‌ಗ್ರೇಡ್ ಮುರಿದು ಬಿದ್ದರೆ ಕಾರಣ ಹುಡುಕಬೇಕಾದದ್ದು ಆ ಅಡಗಿದ ಫೋಲ್ಡರಿನೊಳಗೆ ‘ಪ್ಯಾಂಥರ್’ ಎಂಬ ಹೆಸರಿನಡಿ ಇರುವ ಲಾಗ್ ಕಡತಗಳಲ್ಲಿ.

ಲಿನಕ್ಸ್‌ನಲ್ಲಿ ದಾರಿ ಬೇರೆ, ತತ್ವ ಅದೇ. ರೆಡ್ ಹ್ಯಾಟ್ ಬಳಗದಲ್ಲಿ ಲೀಪ್ ಎಂಬ ಸಾಧನ 7ರಿಂದ 8ಕ್ಕೆ, 8ರಿಂದ 9ಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತದೆ. ಮೊದಲು ಪರೀಕ್ಷೆ ನಡೆಸಿ, ಏನು ಅಡ್ಡಿ ಎಂದು ವರದಿ ಬರೆದುಕೊಡುತ್ತದೆ, ಅಡ್ಡಿ ನಿವಾರಿಸದೆ ಮುಂದಕ್ಕೆ ಹೋಗಗೊಡುವುದಿಲ್ಲ. ಇಂಟರ್‌ನೆಟ್ ಇಲ್ಲದ ಕಡೆ ಸ್ಥಳೀಯ ಪ್ಯಾಕೇಜ್ ಉಗ್ರಾಣವನ್ನು ಅದಕ್ಕೆ ತೋರಿಸಬಹುದು. ಉಬುಂಟು ಸರ್ವರನ್ನು ದೂರದಿಂದ ಏರಿಸುವಾಗ ಸಾಧನವೇ 1022ನೇ ಪೋರ್ಟಿನಲ್ಲಿ ಇನ್ನೊಂದು ಪ್ರವೇಶದ್ವಾರ ತೆರೆದಿಡುತ್ತದೆ, ಮುಖ್ಯ ಸಂಪರ್ಕ ಕಡಿದರೆ ಅದರಿಂದ ಒಳಹೋಗಲೆಂದು. ಶೇರ್ ಮೂಲಕ ಏರಿಸುವುದರ ಅಚ್ಚುಕಟ್ಟಾದ ಮಾದರಿ ಮಾತ್ರ ಫ್ರೀಬಿಎಸ್‌ಡಿಯದು. ಬಲವಾದ ಒಂದು ಯಂತ್ರದಲ್ಲಿ ಮೂಲಸಂಕೇತದಿಂದ ಇಡೀ ವ್ಯವಸ್ಥೆಯನ್ನು ಒಮ್ಮೆ ಕಟ್ಟಿ, ಮೂಲಸಂಕೇತ ಮತ್ತು ಕಟ್ಟಿದ ಕಡತಗಳಿರುವ ಎರಡು ಡೈರೆಕ್ಟರಿಗಳನ್ನು ಎನ್‌ಎಫ್‌ಎಸ್‌ನಲ್ಲಿ ಹಂಚಿದರೆ, ಉಳಿದ ಯಂತ್ರಗಳು ಅವನ್ನು ಜೋಡಿಸಿಕೊಂಡು ಅಳವಡಿಕೆ ಮಾತ್ರ ಮಾಡಿಕೊಳ್ಳುತ್ತವೆ. ಎಲ್ಲಕ್ಕಿಂತ ಮೊದಲು ಒಂದು ಪರೀಕ್ಷಾ ಯಂತ್ರದಲ್ಲಿ ಮಾಡಿ ನೋಡಿ, ಆಮೇಲೆ ಉಳಿದವಕ್ಕೆ ಕೈಹಾಕಬೇಕೆಂಬ ಸಲಹೆಯೂ ಅದರೊಂದಿಗೇ ಬರುತ್ತದೆ.

ಕನ್ನಡದಲ್ಲಿ ವ್ಯವಹರಿಸುವ ಸರ್ವರ್‌ಗೆ ಇನ್ನೊಂದು ಪರೀಕ್ಷೆ ಬೇಕು, ವಿದೇಶಿ ಕೈಪಿಡಿಗಳಲ್ಲಿ ಅದು ಸಿಗುವುದಿಲ್ಲ. ವಿಂಡೋಸ್‌ನಲ್ಲಿ ಕನ್ನಡ ಯುನಿಕೋಡ್ ಬಂದದ್ದು 2001ರ ಎಕ್ಸ್‌ಪಿಯೊಂದಿಗೆ, ತುಂಗಾ ಫಾಂಟಿನ ಜತೆ. ಅದಕ್ಕೂ ಹಿಂದಿನ ದಾಖಲೆಗಳಲ್ಲಿ ಕನ್ನಡದ ತುಣುಕುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂತಿರುತ್ತವೆ. ಆ ನಿರ್ದಿಷ್ಟ ಫಾಂಟ್ ಇಲ್ಲದಿದ್ದರೆ ಪರದೆಯ ತುಂಬ ಅರ್ಥವಿಲ್ಲದ ರೋಮನ್ ಅಕ್ಷರ. ಇನ್‌ಪ್ಲೇಸ್ ಅಪ್‌ಗ್ರೇಡಿನಲ್ಲಿ ಫಾಂಟುಗಳು ಸಾಮಾನ್ಯವಾಗಿ ಉಳಿಯುತ್ತವೆ, ಆದರೆ ನೋಡದೆ ನಂಬಬಾರದು. ವಿಂಡೋಸ್ 8ರ ಕಾಲದಿಂದ ಬಂದ ನಿರ್ಮಲಾ ಫಾಂಟ್ ತುಂಗಾದ ಜಾಗಕ್ಕೆ ಬಂದರೆ ಅಕ್ಷರದ ಅಗಲ ಬದಲಾಗಿ, ಪಹಣಿಯಂಥ ಇಕ್ಕಟ್ಟಾದ ಕೋಷ್ಟಕದಲ್ಲಿ ಸಾಲು ಕೆಳಕ್ಕೆ ಜಾರಬಹುದು. ಪರದೆಯಲ್ಲಿ ನೋಡಿದರೆ ಸಾಲದು, ಅಚ್ಚು ಹಾಕಿ ನೋಡಬೇಕು. ‘ವಿಸ್ತೀರ್ಣ’ದ ಅರ್ಕಾವತ್ತು ಸರಿಯಾದ ಜಾಗದಲ್ಲಿದೆಯೇ, ‘ಕ್ಷೇತ್ರ’ದ ಒತ್ತುಗಳು ಬಿಡಿಬಿಡಿಯಾಗಿಲ್ಲವೇ, ಎಕರೆ ಮತ್ತು ಗುಂಟೆಯ ಅಂಕಿ ತನ್ನ ಕಂಬದಲ್ಲೇ ನಿಂತಿದೆಯೇ, ಅಪ್‌ಗ್ರೇಡಿಗೆ ಮೊದಲು ತೆಗೆದಿಟ್ಟ ಅದೇ ಸರ್ವೆ ನಂಬರಿನ ಪ್ರತಿಯ ಪಕ್ಕದಲ್ಲಿಟ್ಟು ಹೋಲಿಸಬೇಕು. ಜಮೀನಿನ ಕಾಗದದಲ್ಲಿ ಒಂದು ಅಂಕಿ ಪಕ್ಕದ ಕಂಬಕ್ಕೆ ಸರಿದರೆ ಅದರ ಬೆನ್ನಿಗೆ ವ್ಯಾಜ್ಯ ಬರುತ್ತದೆ.

ಕೊನೆಗೆ ಉಳಿಯುವುದು ಮನೆಗೆಲಸ. ಸೇವೆಗಳೆಲ್ಲ ತಾವಾಗಿ ಏಳುತ್ತವೆಯೇ ಎಂದು ಇನ್ನೊಂದು ಸಲ ರೀಬೂಟ್ ಮಾಡಿ ನೋಡಬೇಕು. ಬಾಕಿ ಪ್ಯಾಚುಗಳನ್ನು ಹಾಕಿ, ಆ್ಯಂಟಿವೈರಸ್ ಮತ್ತು ಬ್ಯಾಕಪ್ ಕೆಲಸಗಳನ್ನು ಮತ್ತೆ ಚಾಲೂ ಮಾಡಬೇಕು. ಹೊಸ ವ್ಯವಸ್ಥೆಯ ಮೇಲೆ ಹೊಸ ಬ್ಯಾಕಪ್ ಆದ ಮೇಲಷ್ಟೇ ಹಳೆಯ ವಿಂಡೋಸ್ ಉಳಿಸಿಟ್ಟ ಫೋಲ್ಡರನ್ನು ಅಳಿಸಬೇಕು. ಈ ಕೆಲಸಕ್ಕೆಂದು ತೆರೆದ ಖಾತೆಯನ್ನು ರದ್ದು ಮಾಡಿ, ಶೇರ್ ಮುಚ್ಚಿ, ಯಾವ ಸರ್ವರ್ ಯಾವ ದಿನ ಯಾವ ಆವೃತ್ತಿಗೆ ಬಂತೆಂದು ರಿಜಿಸ್ಟರಿನಲ್ಲಿ ಬರೆಯಬೇಕು. ಅದೇ ಪುಟದಲ್ಲಿ ಮುಂದಿನ ಗಡುವನ್ನೂ ಬರೆದಿಡುವುದು ಒಳ್ಳೆಯದು: ಸರ್ವರ್ 2016ಕ್ಕೆ 2027ರ ಜನವರಿ 12, 2019ಕ್ಕೆ 2029ರ ಜನವರಿ 9, 2022ಕ್ಕೆ 2031ರ ಅಕ್ಟೋಬರ್ 14.